ಕಾಗೆ ಮುಟ್ಟದ ಕೇಸರಿಬಾತ್

ಅಧ್ಯಕ್ಷರಾದ ಮುನಿವೆಂಕಟಯ್ಯನವರೇ, ಆಹಾರ ಇಲಾಖೆಯಿಂದ ಬಂದಿರುವ ರಂಜನಿ ಮೇಡಂ ಅವರೇ, ನಮ್ಮ ಯಲಹಂಕ ಅಡುಗೆಯವರ ಸಂಘದ ಸಭಿಕರೇ, ಮೈಕು ಕುಯ್ಗುಟ್ಟಿದರೆ ಕ್ಷಮಿಸಿ.

ನಾನು ಗಂಗರತ್ನಮ್ಮ. ಹುಣಸಮಾರನಹಳ್ಳಿಯಲ್ಲಿ ಮದುವೆ ಅಡುಗೆ ಮಾಡುತ್ತಿದ್ದ ಚಿಕ್ಕಮಾರಯ್ಯನವರ ಸೊಸೆ. ಐದನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು. ತಪ್ಪು ಮಾತಾಡಿದರೆ ಎಂಬ ಭಯಕ್ಕೆ ನಿನ್ನೆಯಿಂದ ಊಟ ಸೇರಿಲ್ಲ.

ಅಡುಗೆಗೆ ಯಾವ ಬಣ್ಣ ಹಾಕಬಹುದು, ಎಷ್ಟು ಹಾಕಬಹುದು ಎಂದು ಮೇಡಂ ಈಗಷ್ಟೇ ಹೇಳಿದರು. ನಮ್ಮಲ್ಲಿ ತೂಕ ಎಲ್ಲಿತ್ತು ಸ್ವಾಮಿ? ಮಾವ ಒಂದು ಚಿಟಿಕೆ ಹಾಕೋರು, ದೂರ ನಿಂತು ನೋಡೋರು, ಇನ್ನೊಂದು ಚಿಟಿಕೆ ಹಾಕೋರು. "ಕೊನೇ ಪಂಕ್ತಿಯವನಿಗೂ ಕಾಣ್ಬೇಕು ಕಣಮ್ಮಾ" ಅನ್ನೋರು. ನಗಬೇಡಿ. ಅವರು ತೀರಿಕೊಂಡ ದಿನ ಮೈ ತೊಳೆದ ನೀರು ಕೇಸರಿಯಾಗಿ ಹರಿಯಿತು. ಎಷ್ಟು ಉಜ್ಜಿದರೂ ಅಂಗೈ ಗೆರೆಗಳಿಂದ ಬಣ್ಣ ಬಿಡಲಿಲ್ಲ.

ಹನ್ನೊಂದನೇ ದಿನ ಕೆರೆ ದಂಡೆಯಲ್ಲಿ ಎಡೆ ಇಟ್ಟೆವು. ಅವರಿಗೆ ಇಷ್ಟವಾದ ಕೇಸರಿಬಾತು, ಕೆಂಡದಂಥ ಬಣ್ಣ. ಮರದ ತುಂಬ ಕಾಗೆ. ಒಂದಾದರೂ ಇಳಿಯಬೇಕಲ್ಲ? ಇಳಿಯಲಿಲ್ಲ. ಕೂಗಲೂ ಇಲ್ಲ, ಸುಮ್ಮನೆ ನೋಡುತ್ತಿದ್ದವು. ಸತ್ತವರಿಗೆ ಏನೋ ಆಸೆ ಉಳಿದಿದೆ ಎಂದು ಎಲ್ಲರೂ ಪಿಸುಗುಟ್ಟಿದರು.

ಮಾವನ ತಂಗಿ ಮಾರಕ್ಕತ್ತೆ ಎದ್ದು ಸೆರಗೊಡ್ಡಿದರು. "ಅಣ್ಣಾ, ಇಂಗ್ಯಾಕೆ ಮುನಿಸ್ಕಂಡೆ? ನಿನ್ ಮೊಮ್ಮಗಳು ಬಿಂದೂನ ನನ್ ಮೊಮ್ಮಗ ಜಗನ್‌ಗೇ ತಂದ್ಕತೀನಿ. ಮುಟ್ಟಪ್ಪೋ!"

ನನ್ನ ಮಗಳು ಬಿಂದುಶ್ರೀಗೆ ಬಣ್ಣ ತಿಂದರೆ ಮೈಯೆಲ್ಲ ದದ್ದು. ಅವಳಿಗೆಂದು ಬಣ್ಣವಿಲ್ಲದ ಕೇಸರಿಬಾತು ಡಬ್ಬಿಯಲ್ಲಿ ತಂದಿದ್ದೆ. ಅತ್ತೆ ಮಾತು ಕೊಡುತ್ತಿದ್ದ ಹೊತ್ತಿಗೇ ಅವಳು, "ತಾತಾ, ನನ್ದು ತಿನ್ನು" ಎಂದು ಡಬ್ಬಿಯನ್ನು ಎಲೆಯ ಅಂಚಿಗೆ ಸುರಿದಳು. ಕಾಗೆ ಇಳಿಯಿತು. ಬಿಳಿಯದನ್ನಷ್ಟೇ ತಿಂದಿತು. ಅಷ್ಟು ಜನರಲ್ಲಿ ನನ್ನ ಬಿಟ್ಟು ಯಾರೂ ಅದನ್ನು ನೋಡಲಿಲ್ಲ. ಎಲ್ಲರೂ ಕಣ್ಣು ಮುಚ್ಚಿ ಕೈ ಮುಗಿದಿದ್ದರು. ಕಣ್ಣು ಬಿಟ್ಟಾಗ ಎಲೆ ಮೇಲೆ ಕಾಗೆ ಕಂಡಿತು, ಅತ್ತೆಯ ಮಾತಿಗೇ ಇಳಿಯಿತು ಎಂದುಕೊಂಡರು.

ಈಗ ಲಗ್ನಪತ್ರಿಕೆ ಬರೆಸುವ ಮಾತಾಗಿದೆ. ಹುಡುಗಿ ಇನ್ನೂ ಓದುತ್ತಿದ್ದಾಳೆ. "ನಂಗೆ ಬೇಡಮ್ಮಾ" ಎಂದು ಅಳುತ್ತಾಳೆ. ಕಾಗೆ ಒಪ್ಪಿದ ಮೇಲೆ ನಿನ್ನದೇನು ಎನ್ನುತ್ತಾರೆ. ನಾನು ಯಾರ ಹತ್ತಿರ ಹೇಳಲಿ? ಮನೆಯಲ್ಲಿ ನನ್ನ ಮಾತು ನಡೆಯಲ್ಲ. ಅದಕ್ಕೇ ಇಷ್ಟು ಜನರ ಮುಂದೆ ಹೇಳುತ್ತಿದ್ದೇನೆ. ಮುಂದಿನ ಸಾಲಿನಲ್ಲಿ ಕೂತಿದ್ದೀರಿ ಮಾರಕ್ಕತ್ತೆ, ಸಿಟ್ಟಾಗಬೇಡಿ. ಕಾಗೆ ಬೇಡವೆಂದು ಬಿಟ್ಟಿದ್ದು ಬಣ್ಣವನ್ನು. ನಿಮ್ಮ ಮಾತಿಗೆ ಅದು ಇಳಿಯಲಿಲ್ಲ.

ಹಾಗಂತ ನನಗೆ ಪೂರ್ತಿ ಧೈರ್ಯ ಇದೆಯಾ? ಇಲ್ಲ ಸಭಿಕರೇ. ಅವತ್ತಿನಿಂದ ಒಂದು ಕಾಗೆ ಮಧ್ಯಾಹ್ನ ನಮ್ಮ ಅಡುಗೆಮನೆ ಕಿಟಕಿಗೆ ಬರುತ್ತದೆ. ಬಣ್ಣವಿಲ್ಲದ್ದನ್ನು ಇಟ್ಟರೆ ತಿನ್ನುತ್ತದೆ. ತಿಂದ ಮೇಲೂ ಹೋಗುವುದಿಲ್ಲ. ಕತ್ತು ಓರೆ ಮಾಡಿ, ಒಳಗೆ ಓದುತ್ತಾ ಕೂತ ಬಿಂದುವನ್ನೇ ನೋಡುತ್ತದೆ. ಅದರ ಕಾಲು ಕೇಸರಿ ಬಣ್ಣಕ್ಕಿದೆ.

ಇವತ್ತು ಹೊರಡುವ ಮುಂಚೆ ಅದಕ್ಕೆ ಹೇಳಿ ಬಂದೆ: "ಮಾವಾ, ಹೊಟ್ಟೆ ತುಂಬ ಉಂಡು ಹೋಗಿ. ಹುಡುಗೀನ ಕೊಡಲ್ಲ."

ಇಷ್ಟು ಹೊತ್ತು ಕೇಳಿದಿರಿ, ಉಪಕಾರವಾಯಿತು. ಎಲ್ಲರಿಗೂ ನಮಸ್ಕಾರ.