ಕೊಪ್ಪರಿಗೆಯೊಳಗಿನ ಗಂಟು

ಒಂದೂರಲ್ಲಿ ಒಬ್ಬ ಶ್ರೀಮಂತ. ಯಾವ ಊರು ಅಂತ ಮಾತ್ರ ಕೇಳಬೇಡಿ. ಹೇಳಿದರೆ ನಿಮ್ಮಲ್ಲಿ ಇಬ್ಬರು ಎದ್ದು ಹೋಗುತ್ತೀರಿ, ನಾಲ್ಕು ಜನ ಪಕ್ಕದವರನ್ನು ತಿವಿಯುತ್ತೀರಿ. ಆತನಿಗೆ ಮಾತಿನ ಹುಚ್ಚು. ಅದರಲ್ಲೂ ಬೆರೆಯುವ ಮಾತು, ಕೂಡುವ ಮಾತು ಅಂದರೆ ಪ್ರಾಣ. ನಮ್ಮ ಭಾಷೆಯಲ್ಲಿ ಅದಕ್ಕೇನು ಬರವೇ? ನೋಡಿ, ಹಾಲಿಗೆ ನೀರು ಬೆರೆಯುತ್ತದೆ. ಹಿಟ್ಟನ್ನು ಕಲಸುತ್ತೇವೆ. ಉಪ್ಪು ಕರಗುತ್ತದೆ, ಹೊಳೆಗೆ ಹೊಳೆ ಕೂಡುತ್ತದೆ, ಕಾದ ಕಬ್ಬಿಣಕ್ಕೆ ಕಬ್ಬಿಣ ಬೆಸೆಯುತ್ತದೆ, ಶರಣ ಲಿಂಗದಲ್ಲಿ ಐಕ್ಯನಾಗುತ್ತಾನೆ. ಒಂದೊಂದಕ್ಕೂ ಒಂದೊಂದು ಮಾತು. ಇಷ್ಟೂ ಆತನಿಗೆ ಬಾಯಿಪಾಠ. ಮದುವೆ ಇರಲಿ, ಮಣ್ಣು ಇರಲಿ, ಮೈಕು ಸಿಕ್ಕರೆ ಸಾಕು: ಬೆರೆಯಿರಿ, ಬೆಸೆಯಿರಿ, ಸಮರಸವಾಗಿರಿ. ಜನ ಚಪ್ಪಾಳೆ ತಟ್ಟುತ್ತಿದ್ದರು. ಅವನ ಮನೆಯ ಅಂಗಳದ ನಡುವೆ ಮಾತ್ರ ಆಳೆತ್ತರದ ಗೋಡೆ ಇತ್ತು.

ಗೋಡೆಯ ಆಚೆ ಯಾರು? ಒಡಹುಟ್ಟಿದ ತಮ್ಮ. ಹನ್ನೊಂದು ವರ್ಷದಿಂದ ಮಾತಿಲ್ಲ. ತಮ್ಮ ಬಡವರ ಮನೆಯ ಹೆಣ್ಣು ತಂದಿದ್ದ. ಅಣ್ಣ, "ಆಕಿ ಕೈಯಾಗಿನ ಅಡಿಗಿ ನಾ ಉಣ್ಣೂದಿಲ್ಲ" ಅಂದಿದ್ದ. ಅಷ್ಟೇ ಕಾರಣ. ಹಾಗಂತ ಪ್ರೀತಿ ಇರಲಿಲ್ಲವೇ? ಇತ್ತು. ಆಚೆ ತಮ್ಮ ಕೆಮ್ಮಿದರೆ ಈಚೆ ಇವನ ಕೈಯ ತುತ್ತು ಅಲ್ಲೇ ನಿಲ್ಲುತ್ತಿತ್ತು. ತಮ್ಮ ಬೇಕು ಅಂತ ಅವನ ಕರುಳು ನಿಜವಾಗಿ ಕೂಗುತ್ತಿತ್ತು, ಸುಳ್ಳಲ್ಲ.

ಆ ಊರ ಮಠದಲ್ಲಿ ಒಂದು ಪದ್ಧತಿ. ಶ್ರಾವಣ ಮುಗಿಯುವ ದಿನ ಮನೆಗೊಂದು ಬೊಗಸೆ ಕುಟ್ಟಿದ ಗೋಧಿ, ಒಂದು ಹಿಡಿ ಬೆಲ್ಲ ಕೊಡಬೇಕು. ಎಲ್ಲವೂ ಒಂದೇ ಕೊಪ್ಪರಿಗೆಗೆ, ಊರಿಗೆಲ್ಲ ಒಂದೇ ಹುಗ್ಗಿ. ಜಗಳವಾಡಿದವರು ಎದುರುಬದುರು ಕೂತು ಅದೇ ಹುಗ್ಗಿಯನ್ನು ಒಬ್ಬರಿಗೊಬ್ಬರು ಉಣಿಸಿದರೆ ಜಗಳ ಮುಗಿಯಿತು, ಮತ್ತೆ ಎತ್ತುವಂತಿಲ್ಲ. ಸ್ವಾಮಿಗಳು ತಮ್ಮನನ್ನು ಒಪ್ಪಿಸಿದರು. ಆತ ಅಂದ, "ಅಣ್ಣ ಊರ ಹುಗ್ಗಿ ಒಂದ ತುತ್ತು ಉಣ್ಣಲಿ ಅಜ್ಜಾರ, ಮರುದಿನ ಗುದ್ದಲಿ ನಾನ ತರ್ತೀನಿ. ಗ್ವಾಡಿ ನಾನ ಕೆಡುವ್ತೀನಿ."

ಸುದ್ದಿ ಕೇಳಿ ಶ್ರೀಮಂತ ಅತ್ತುಬಿಟ್ಟ. ಕಣ್ಣು ಒರೆಸಿಕೊಂಡ ಮೇಲೆ ಬುದ್ಧಿ ಓಡಿತು. ಯಾರ್ಯಾರ ಮನೆಯ ಗೋಧಿಯೋ, ಯಾರ್ಯಾರ ಕೈ ಆಡಿದ್ದೋ. ತನ್ನ ಹೊಲದ ಗೋಧಿಯನ್ನು ಹೊಸ ಬಟ್ಟೆಯಲ್ಲಿ ಬಿಗಿಯಾಗಿ ಕಟ್ಟಿಕೊಂಡು ಮಠದ ಅಡುಗೆಯ ನಿಂಬೆವ್ವನ ಹತ್ತಿರ ಹೋದ.

"ಇದನ್ನ ಕೊಪ್ಪರಿಗಿಯೊಳಗ ಇಳಿಬಿಡು ನಿಂಬೆವ್ವ. ನನ್ನ ತಾಟಿಗೆ ಇದ್ರಾಗಿಂದ ನೀಡು."

"ಗಂಟು ಬಿಚ್ಚಿ ಹಾಕ್ತೀನಿ ತಗೋರಿ."

"ಬಿಚ್ಚಿದರ ಬೆರೀತೈತಲ್ಲಬೇ."

ಕೇಳಿದಿರಾ? ಬೆರೆಯುವುದಕ್ಕೆ ಹತ್ತು ಮಾತು ಬಲ್ಲವನ ಬಾಯಿಂದ ಬಂದದ್ದು ಇದು. "ಒಂದ ಕೊಪ್ಪರಿಗಿ, ಒಂದ ಬೆಂಕಿ, ಒಂದ ನೀರು. ಇನ್ನೇನ ಬೇಕು ನಿನಗ?" ಅಂತ ಬೇರೆ ಕೇಳಿದ. "ನಿಮ್ಮಂಥಾ ಮಾತು ನನಗೆಲ್ಲಿ ಬರಬೇಕ್ರಿ" ಅಂದು ಆಕೆ ಗಂಟನ್ನು ಇಳಿಬಿಟ್ಟಳು.

ಅಡುಗೆ ಮಾಡುವ ತಾಯಂದಿರೇ, ನೀವು ಹೇಳಿ. ಬಿಗಿದು ಕಟ್ಟಿದ ಗೋಧಿ ಅರಳುತ್ತದೆಯೇ? ಹೊರಗಿನದು ಅಂಟು ಕಟ್ಟಿತು, ಒಳಗಿನದು ಹಸಿಯಾಗೇ ಉಳಿಯಿತು. ಊರ ಬೆಲ್ಲವೆಲ್ಲ ಸುತ್ತ ಕುದಿಯುತ್ತಿತ್ತು, ಒಳಗೆ ಒಂದು ಹನಿ ಇಳಿಯಲಿಲ್ಲ.

ಪಂಕ್ತಿ ಕೂತಿತು. ಹಿರಿಯನ ತುತ್ತು ಮೊದಲು ಅಂದರು ಸ್ವಾಮಿಗಳು. ಶ್ರೀಮಂತ ತನ್ನ ತಾಟಿನ ತುತ್ತು ಹಿಡಿದುಕೊಂಡೇ ಸಮರಸದ ಮೇಲೆ ನಾಲ್ಕು ಮಾತು ಆಡಿದ, ಆಮೇಲೆ ತಮ್ಮನ ಬಾಯಿಗೆ ಇಟ್ಟ. ತಮ್ಮನ ಕಣ್ಣು ತುಂಬಿತ್ತು. ಅಗಿದ. ಕಟುಂ ಅಂತು. ಆಚೀಚೆಯ ತಾಟು ನೋಡಿದ.

"ಎಲ್ಲಾರ ಹುಗ್ಗಿ ಬೆಣ್ಣಿ ಆಗೇತಿ. ನಿಂದ್ಯಾಕ ಹಿಂಗೈತಿ, ಅಣ್ಣಾ?"

ಅಣ್ಣ ತನ್ನ ತಾಟನ್ನು ಹತ್ತಿರಕ್ಕೆ ಎಳೆದುಕೊಂಡ. ನಿಂಬೆವ್ವ ಸೌಟು ಕೆಳಗಿಟ್ಟು ಅಂದಳು, "ಅದೂ ಇದ ಕೊಪ್ಪರಿಗೀದ, ಯಪ್ಪಾ. ಗಂಟಿನ್ಯಾಗಿಂದು."

ತಮ್ಮ ಬೈಯಲಿಲ್ಲ. ಅಣ್ಣ ಇಟ್ಟ ತುತ್ತು ಅಂತ ಉಗುಳಲೂ ಇಲ್ಲ, ಹಸಿಯನ್ನೇ ನುಂಗಿದ. ಎದ್ದು ಕೈ ತೊಳೆದುಕೊಂಡು, "ಗ್ವಾಡಿ ಅಂಗಳದಾಗ ಅಷ್ಟ ಐತಿ ಅಂತ ತಿಳಿದಿದ್ದೆ. ಈಗ ಗುದ್ದಲಿ ತಂದು ಎಲ್ಲಿ ಹೊಡೀಲಿ, ಅಣ್ಣಾ?" ಅಂದ. ಹೊರಟುಹೋದ. ಗೋಡೆ ಇವತ್ತಿಗೂ ನಿಂತಿದೆ. ಶ್ರೀಮಂತನ ಭಾಷಣವೂ ನಿಂತಿಲ್ಲ.

ನಗಬೇಡಿ. ನಿಮ್ಮ ಗಂಟು ಎಲ್ಲಿದೆ, ಹೇಳಿ. ಮನೆಗೆಲಸದ ಹೆಣ್ಣುಮಗಳಿಗೆ ಅಂತ ಜಗುಲಿಯ ಮೂಲೆಯಲ್ಲಿ ಕವುಚಿಟ್ಟ ಆ ಸ್ಟೀಲಿನ ಲೋಟ ಏನು? "ಮಗಳಿದ್ದ ಹಾಗೆ" ಅಂತ ಸೊಸೆಯನ್ನು ತಂದು, ತಿಜೋರಿಯ ಬೀಗದ ಕೈಯನ್ನು ಸೊಂಟದಲ್ಲೇ ಇಟ್ಟುಕೊಂಡಿದ್ದೀರಲ್ಲ, ಅದು ಏನು? ಒಂದೇ ಸೂರು, ಒಂದೇ ಒಲೆ ಅನ್ನುತ್ತೀರಿ. ಗಂಟು ಹಾಗೇ ಇದೆ. ನಾಳೆ ಮುಂಜಾನೆ ಎದ್ದು ಮೊದಲು ಆ ಲೋಟವನ್ನು ಒಳಗೆ ತಂದು ನಿಮ್ಮ ಲೋಟಗಳ ಜೊತೆ ತೊಳೆಯಿರಿ. ಯಾವುದು ಯಾರದು ಅಂತ ಗೊತ್ತಾಗಬಾರದು. ಆಮೇಲೆ ಬೇಕಾದರೆ ನನ್ನ ಪ್ರವಚನಕ್ಕೆ ಬನ್ನಿ.

ಹಾಂ, ಇನ್ನೊಂದು. ಈ ಪ್ರವಚನದ ಕಮಿಟಿಯವರು ನನಗೆ ಅಂತ ಒಳಗೆ ಬೇರೆ ಒಲೆಯ ಮೇಲೆ ತುಪ್ಪದ ಅಡುಗೆ ಮಾಡಿಸಿದ್ದಾರಂತೆ. ಹದಿನೆಂಟು ವರ್ಷದಿಂದ ಉಂಡುಕೊಂಡು ಬಂದಿದ್ದೇನೆ, ನಾಚಿಕೆಯೂ ಆಗಿರಲಿಲ್ಲ. ಆ ಪಾತ್ರೆಯನ್ನು ಹೊರಗೆ ತಂದು ಇವರೆಲ್ಲರ ಊಟದ ದೊಡ್ಡ ಕೊಪ್ಪರಿಗೆಗೆ ಸುರಿಯಿರಿ, ಅಧ್ಯಕ್ಷರೇ. ನಾನು ಇಲ್ಲೇ ಪಂಕ್ತಿಯಲ್ಲಿ ಕೂರುತ್ತೇನೆ. ನೀವೂ ಏಳಿ, ತಾಟು ಹಾಕಿದ್ದಾರೆ. ಪಕ್ಕದಲ್ಲಿ ಯಾರು ಅಂತ ನೋಡಿ ಕೂರಬೇಡಿ, ಕೂತ ಮೇಲೆ ಊಟಕ್ಕೆ ಏನು ಬೇಕು ಅಂತ ಅವರನ್ನು ಕೇಳಿ.