ಆಂಗಲ್ ತುದಿಗೆ ವಿಭೂತಿ

...ಅಲ್ಲಲೇ ಫಿರೋಜ್, ಕೊಟ್ಟೂರಾಗ ಹೊರದೇಶದ ಕಬ್ಬಿಣ ಬಂದೈತಿ ಅಂತ ಊರಿಗೆ ಊರೇ ಮಾತಾಡತೈತಿ. ಗೇಟು ಗ್ರಿಲ್ಲು ಮಾಡಾವ ನೀನು, ನಿನ್ನ ಕಿವಿಗೆ ಬಿದ್ದಿಲ್ಲ ಅಂದ್ರ ನಾ ಹೆಂಗ ನಂಬಲಿ? ಕುಂದ್ರು, ಚಾ ಬರತೈತಿ. ಯಾಕ, ಕುಂದ್ರಂಗಿಲ್ಲೇನು? ಆತು, ನಿಂತೇ ಕೇಳು.

ನನಗ ಆ ಓಬಳೇಶನ ಮ್ಯಾಲೇ ಡೌಟು. ಸರಕಾರ ಹೊರಗಿನ ಮಾಲಿಗೆ ಸುಂಕ ತಗದಿದ್ದೇ ತಗದಿದ್ದು, ಅವನ ಅಂಗಡಿ ಮುಂದ ಲಾರಿ ಮ್ಯಾಲೆ ಲಾರಿ. ಅಗ್ಗದ ಮಾಲು ನೋಡು, ಬಾಯಿ ಬಿಟಗೊಂಡು ಬಿದ್ದಾನ. ಒಂದೊಂದು ಕಬ್ಬಿಣದ ಆಂಗಲ್ ಪಟ್ಟಿ ತುದಿಗೂ ಯಾ ದೇಶದ್ದು ಅಂತ ಅಚ್ಚು ಇರತೈತಿ. ಅದು ಕಾಣಬಾರದಂತ ಬಣ್ಣ ಬಳದಾನಂತ, ಕಳ್ಳ... ನಗತಿ ಯಾಕ?

ನಿಮ್ಮಣ್ಣ ಅಹಮದಸಾಬ ದುಡಿಯೋ ಕಬ್ಬಿಣದ ಫ್ಯಾಕ್ಟರಿ ಉಳೀಬೇಕಂತ ಕಬ್ಬಿಣದ ಅಂಗಡಿಯವರೆಲ್ಲ ಕೊಟ್ರೇಶನ ಗುಡಿ ಮುಂದ ಆಣಿ ಮಾಡೀವಿ, ಹೊರಗಿನ ಮಾಲು ಮುಟ್ಟಂಗಿಲ್ಲ ಅಂತ. ಮೊದಲು ಮಾತು ಎತ್ತಿದಾವ ಯಾರು? ನಾನು, ಈ ಶಿವಯೋಗಪ್ಪನೇ. ಈಗ ನೋಡಿದ್ರ ಫ್ಯಾಕ್ಟರಿ ಭಟ್ಟಿ ಆರಿಸ್ಯಾರ, ಅಹಮದಸಾಬ ಮನ್ಯಾಗ ಕುಂತಾನ ಅಂತಾರ. ಕೇಳಿ ನನಗೂ ಭಾಳ ಕೆಟ್ಟ ಅನಸ್ತು.

ಏನು ನೋಡಾಕತ್ತಿ ಆ ಕಡಿಗೆ? ಓ, ವಿಭೂತಿನಾ... ಅಂಗಡಿಗೆ ಹೊಸ ಲೋಡು ಬಂದ್ರ ಒಂದು ಆಂಗಲ್‌ಗೆ ಮೂರು ಬಟ್ಟು ವಿಭೂತಿ ಎಳಿಯೋದು ನಮ್ಮಪ್ಪನ ಕಾಲದಿಂದ ಬಂದ ಪದ್ಧತಿ. ಸಣ್ಣಾವಿದ್ದಾಗಿಂದ ನೋಡೀಯಲ್ಲ, ನಿನಗೇನು ಹೊಸದು?

...ಹೌದಪ್ಪ, ಒಂದಕ್ಕ. ಈ ಸಲ ಎಲ್ಲಾಕ್ಕೂ ಹಚ್ಚೀನಿ. ವಯಸ್ಸಾತು, ಭಕ್ತಿ ಹೆಚ್ಚಾಗೇತಿ ಅಂತ ತಿಳ್ಕೋ. ದಪ್ಪ ಆಗೇತಿ, ಹೌದು... ಗಟ್ಟಿ ಕಲಸಿದ್ದೆ. ತುದಿಗೇ ಯಾಕಂದ್ರ... ನಡುವ ಹಚ್ಚಿದ್ರ ಎತ್ತಿ ಇಳಸೋವಾಗ ಕೈ ತಾಕಿ ಅಳಸತೈತಿ, ಅದಕ್ಕ.

ಹಂಗ ನೋಡಬ್ಯಾಡಲೇ. ಅನುಮಾನ ಇದ್ರ ಒರಸಿ ನೋಡು. ಒರಸು, ನಾ ಏನೂ ಅನ್ನಂಗಿಲ್ಲ... ಕೈ ಯಾಕ ಹಿಂದ ಕಟಗೊಂಡಿ? ನಮ್ಮ ದೇವರದು ಅಂತನಾ? ನನಗ ಗೊತ್ತಿತ್ತು, ನೀ ಮುಟ್ಟಾವಲ್ಲ ಅಂತ.

ಗೊತ್ತಿತ್ತು ಅಂದ್ರ... ಅಂದ್ರ ಹಂಗಲ್ಲಪ್ಪ... ಬೈದ್ರ ಬೈಲೇ.

...ಫಿರೋಜ್. ನಿಮ್ಮಣ್ಣಗ ಹೇಳಬ್ಯಾಡ.