ಬಾಡಿಗೆ ಪಂಪು ಮತ್ತು ಯಂಕಮ್ಮನ ಹೆಬ್ಬೆಟ್ಟು

ನನ್ನ ಹೆಸರು ಜಯತೀರ್ಥ, ತಂದೆ ನರಸಿಂಹಾಚಾರ್ಯ, ವಯಸ್ಸು 43, ಕಾಗಿಣಾ ಫರಸಿ ಕಲ್ಲಿನ ಕಂಪನಿಯಲ್ಲಿ ಉರ್ದು ಗುಮಾಸ್ತ, ವಾಸ ಶಹಾಬಾದ ಸ್ಟೇಷನ್ನಿನ ಹಿಂದಿನ ಓಣಿ. ಯಾರೂ ಕರೆಯದೆ ನಾನಾಗಿಯೇ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ:

ಕಂಪನಿಯ ಗಣಿಯಲ್ಲಿ ವರ್ಷವಿಡೀ ನೆಲದಿಂದ ಜಿನುಗುವ ಊಟೆ ನೀರು ನಿಲ್ಲುತ್ತದೆ. ಅದನ್ನು ಎತ್ತುವ ಪಂಪು ಕೊಳ್ಳಲು ಸರ್ಕಾರದ ಇಲಾಖೆಯೊಂದು ಕಳೆದ ವರ್ಷ ಸಾಲದ ಮೊದಲ ಕಂತು ಕೊಟ್ಟಿತು. ಪಂಪು ಕೊಳ್ಳಲಿಲ್ಲ. ಹನ್ನೊಂದು ಮಂದಿ ಹೆಂಗಸರು ದಿನಾಲು ಬೆಳಿಗ್ಗೆ ಆರರಿಂದ ಒಂಬತ್ತರವರೆಗೆ ಆ ನೀರನ್ನು ಕೊಡಗಳಲ್ಲಿ ಹೊತ್ತು, ಇಪ್ಪತ್ತೆರಡು ಅಡಿ ಮೇಲೆ ತಂದು ಚೆಲ್ಲುತ್ತಾರೆ. ಯಂಕಮ್ಮ ಅವರಲ್ಲೊಬ್ಬಳು. ವಯಸ್ಸು ಸುಮಾರು 35, ಗಂಡನಿಲ್ಲ, ಕಂಪನಿಯ ಗುಡಿಸಲಿನಲ್ಲಿ ತಾಯಿಯೊಡನೆ ಇದ್ದಳು.

ಜನವರಿ 9, ಬುಧವಾರ ಇಲಾಖೆಯ ಅಧಿಕಾರಿ ತಪಾಸಣೆಗೆ ಬರುವವರಿದ್ದರು. ಹಿಂದಿನ ದಿನ ಸಂಜೆ ಐದಕ್ಕೆ ಮ್ಯಾನೇಜರ್ ಅಂಬಾರಾಯರು ವಾಡಿಯಿಂದ ಬಾಡಿಗೆ ಪಂಪನ್ನು ಎತ್ತಿನ ಬಂಡಿಯಲ್ಲಿ ತರಿಸಿದರು. ನೀರು ಹೊರುವ ಹೆಂಗಸರಿಗೆ ಮರುದಿನ ಬರಬೇಡಿರೆಂದು ಹೇಳಿದರು. ಅಧಿಕಾರಿ ಹನ್ನೊಂದಕ್ಕೆ ಬಂದರು. ಪಂಪು ನೋಡಲು ಹತ್ತು ನಿಮಿಷ, ಊಟಕ್ಕೆ ಒಂದೂವರೆ ತಾಸು ಹಿಡಿಯಿತು. ಸಂಜೆ ನಾಲ್ಕಕ್ಕೆ ಪಂಪು ವಾಡಿಗೆ ಮರಳಿತು.

ಜನವರಿ 11ರ ಸಂಜೆ ಯಂಕಮ್ಮ ನಮ್ಮ ಮನೆಗೆ ಬಂದು ಕಟ್ಟೆಯ ಮೇಲೆ ಕುಳಿತು, "ನಾವು ತಲಿಮ್ಯಾಲ ಹೊತ್ತ ನೀರು ಮಿಷನ್ ಎತ್ತಾಕತ್ತದ ಅಂತ ಆ ಸಾಹೇಬ್ರು ಬರದಾರಂತ, ಖರೇ ಏನ್ರಿ ಆಚಾರ್ರೆ?" ಎಂದು ಕೇಳಿದಳು. ಖರೆ ಎಂದೆ. ಇಲಾಖೆಗೆ ಉರ್ದುವಿನಲ್ಲಿ ಅರ್ಜಿ ಬರೆದುಕೊಟ್ಟೆ. ಅವಳು ಹೆಬ್ಬೆಟ್ಟು ಒತ್ತಿದಳು. ನನ್ನ ಹೆಸರನ್ನು ನಾನು ಎಲ್ಲಿಯೂ ಹಾಕಲಿಲ್ಲ. ನನಗೆ ನೌಕರಿಯ ಅಂಜಿಕೆಯಿತ್ತು. ಅವಳಿಗೂ ಒಂದು ನೌಕರಿಯಿದೆಯೆಂಬುದು ಆಗ ಹೊಳೆಯಲಿಲ್ಲ.

ಜನವರಿ 29ರಂದು ಬೆಳಿಗ್ಗೆ ಹತ್ತೂವರೆಗೆ ಟಪಾಲು ಬಂತು. ಇಲಾಖೆಯವರು ಯಂಕಮ್ಮನ ಅರ್ಜಿಯನ್ನೇ ಲಗತ್ತಿಸಿ, ಏಳು ದಿನದೊಳಗೆ ಸಮಜಾಯಿಷಿ ಕೊಡುವಂತೆ ಕಂಪನಿಗೇ ಕಳಿಸಿದ್ದರು. ಕಳ್ಳನ ಕೈಗೆ ಕೀಲಿಕೈ ಕೊಟ್ಟಂತಾಯಿತು. ಅಂಬಾರಾಯರಿಗೆ ಉರ್ದು ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ಟಪಾಲೆಲ್ಲ ನಾನೇ ಓದಿ ಹೇಳುವ ರೂಢಿ. ಅದನ್ನೂ ಓದಿದೆ. ಮುಗಿದ ಮೇಲೆ ಅವರು, "ಕೆಳಗಿನ ಹೆಬ್ಬೆಟ್ಟು ಯಾರದದ? ಅದನ್ನೂ ಓದ್ರಿ," ಎಂದರು.

ಹೆಸರು ಬರೆದಿಲ್ಲ ಎನ್ನಬಹುದಿತ್ತು. ಅವರಿಗೆ ತಿಳಿಯುತ್ತಿರಲಿಲ್ಲ. ನಾನು ಯಂಕಮ್ಮ ಎಂದು ಓದಿದೆ. ಬರೆದುಕೊಟ್ಟವರು ಯಾರೆಂದು ಕೇಳಿದಾಗ, ಸ್ಟೇಷನ್ ಎದುರು ಕೂಡುವ ಅರ್ಜಿ ಬರೆಯುವವನಿರಬೇಕು ಎಂದೆ. ಇದಕ್ಕಾಗಿ ನನಗೆ ಬಹಳ ನಾಚಿಕೆಯಾಗಿದೆ. ಈ ಮಾತನ್ನೂ ಬಿಡದೆ ಬರೆದುಕೊಳ್ಳಬೇಕು.

ಪಂಪು ಚೆನ್ನಾಗಿ ನಡೆಯುತ್ತಿದೆ, ಯಂಕಮ್ಮನೆಂಬ ಹೆಂಗಸು ನಮ್ಮ ಕಂಪನಿಯಲ್ಲಿಲ್ಲ ಎಂದು ಅವರು ಉತ್ತರ ಹೇಳಿದರು, ನಾನು ಬರೆದೆ. ಬರೆದದ್ದು ಸುಳ್ಳಾಗಬಾರದೆಂದು ಮರುದಿನ ಬೆಳಿಗ್ಗೆ ಏಳಕ್ಕೆ ಅವಳನ್ನು ಕೆಲಸದಿಂದ ತೆಗೆದು ಗುಡಿಸಲು ಖಾಲಿ ಮಾಡಿಸಿದರು. ತಾಯಿಯ ಕೈ ಹಿಡಿದು ಸೇಡಂ ಕಡೆಗೆ ಹೊರಟವಳು ಕಚೇರಿಯ ಬಾಗಿಲಲ್ಲಿ ನನ್ನನ್ನು ಕಂಡು ನಿಂತಳು. "ನಿಮ್ಮ ಹೆಸರು ನಾ ಯಾರಿಗೂ ಹೇಳಿಲ್ರಿ, ಅಂಜಬ್ಯಾಡ್ರಿ," ಎಂದಳು.

ಫೆಬ್ರವರಿ 11ರಂದು ಇಲಾಖೆಯ ಪತ್ರ ಬಂತು. ಅರ್ಜಿದಾರಳು ಅಲ್ಲಿ ಇಲ್ಲವೇ ಇಲ್ಲವಾದ್ದರಿಂದ ದೂರು ಮುಕ್ತಾಯ, ಉಳಿದ ಸಾಲ ಮಂಜೂರು ಎಂದಿತ್ತು. ಅರ್ಜಿಯೂ ಅದರ ಉತ್ತರವೂ ಒಂದೇ ಕೈಬರಹದಲ್ಲಿರುವುದನ್ನು ಅಲ್ಲಿ ಯಾರೂ ನೋಡಿಲ್ಲ. ಎರಡನ್ನೂ ತರಿಸಿ ಪಕ್ಕಪಕ್ಕ ಇಟ್ಟು ನೋಡಬೇಕು.

ಇದನ್ನೆಲ್ಲ ಇಂದು ಠಾಣೆಯ ಅಮೀನ್ ಶೌಕತ ಅಲಿ ಸಾಹೇಬರ ಮುಂದೆ ಹೇಳಿದೆ. ಇದು ಸರ್ಕಾರಿ ಸಾಲದ ವಿಷಯವಾದ್ದರಿಂದ ಹೇಳಿಕೆಯನ್ನು ಉರ್ದುವಿಗೆ ತಿರುಗಿಸಿ ಮೊದಲು ಇಲಾಖೆಗೆ ಕಳಿಸಬೇಕಾಗುತ್ತದೆ ಎಂದರು. ಇಲಾಖೆಯವರು ಇದನ್ನೂ ಸಮಜಾಯಿಷಿಗೆಂದು ಕಂಪನಿಗೇ ಕಳಿಸುತ್ತಾರೆ ಎಂದೆ. ರೂಢಿ ಹಾಗೇ ಇದೆ ಎಂದರು. ಕಳಿಸಲಿ. ಕಂಪನಿಯಲ್ಲಿ ಟಪಾಲು ಓದುವವನು ಈಗಲೂ ನಾನೇ. ಕೆಳಗಿನ ಸಹಿ ಯಾರದೆಂದು ಅಂಬಾರಾಯರು ಕೇಳಿದಾಗ ಈ ಸಲ ನನ್ನ ಹೆಸರು ಓದುತ್ತೇನೆ.

ನಾನು ಹೇಳಿದ್ದನ್ನು ಕನ್ನಡ ಬಲ್ಲ ಜಮಾದಾರರು ಬರೆದುಕೊಂಡಿದ್ದಾರೆ. ಓದಿ ನೋಡಿದ್ದೇನೆ. ಇದರಲ್ಲಿ ಸುಳ್ಳಿಲ್ಲ.

ಸ್ಥಳ: ಶಹಾಬಾದ
ತಾರೀಖು: 14 ಫೆಬ್ರವರಿ 1946
ಸಹಿ: ಜಯತೀರ್ಥ